ಏಪ್ರಿಲಿನಿಂದ ಅರ್ಧ ಕೆಲಸ ಹೋಗ್ತದೆ: ಫ್ರೀಲ್ಯಾನ್ಸ್ ಡಿಸೈನರ್ ಎಂತ ಮಾಡಬೇಕು?

ಉಡುಪಿ_ಲೇಔಟ್ (ಪ್ರಶ್ನೆ)

ಉಡುಪಿಯಲ್ಲಿದ್ದು ಫ್ರೀಲ್ಯಾನ್ಸ್ ಗ್ರಾಫಿಕ್ ಡಿಸೈನ್ ಮಾಡ್ತೇನೆ. ಪರಿಸ್ಥಿತಿ ಅಂಕಿಯಲ್ಲೇ ಹೇಳ್ತೇನೆ, ಅದನ್ನು ನೋಡಿಯೇ ಸಲಹೆ ಕೊಡಿ.

ತಿಂಗಳಿಗೆ ಬರ್ತಿದ್ದದ್ದು ಸುಮಾರು 60,000. ಅದರಲ್ಲಿ 30,000 ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪೆನಿಯ ಸೋಶಿಯಲ್ ಮೀಡಿಯಾ ಕೆಲಸ. 14,000 ಮಲ್ಪೆ ಕಡೆಯ ರೆಸಾರ್ಟ್ ಒಂದರ ರಿಟೈನರ್, ಅಂದರೆ ತಿಂಗಳು ತಿಂಗಳು ಬರುವ ನಿಗದಿ ಹಣ. ಉಳಿದದ್ದು ಆಮಂತ್ರಣ, ಬ್ರೋಷರ್, ಅಂಗಡಿ ಬೋರ್ಡು ಅಂತ ಬಿಡಿ ಕೆಲಸ. ಈಗ ಕಂಪೆನಿಯವರು, ಫಂಡಿಂಗ್ ನಿಂತಿದೆ, ಏಪ್ರಿಲಿನಿಂದ ಇಷ್ಟೇ ಕೆಲಸಕ್ಕೆ 18,000 ಕೊಡ್ತೇವೆ, ಆಗದಿದ್ದರೆ ಬೇಡ ಅಂದಿದ್ದಾರೆ. ಬಿಡಿ ಕೆಲಸವೂ ಅರ್ಧಕ್ಕೆ ಇಳಿದಿದೆ. ಕೆಲವರು ಎಐಯಲ್ಲಿ ಮಾಡಿದ ಪೋಸ್ಟರ್ ಕಳಿಸಿ, "ಅಕ್ಷರ ಮಾತ್ರ ಸರಿ ಮಾಡಿ ಕೊಡಿ, 200 ರೂಪಾಯಿ ಕೊಡ್ತೇನೆ" ಅಂತಾರೆ.

ಬಾಡಿಗೆ, ಮನೆ ಖರ್ಚು, ಇಂಟರ್ನೆಟ್, ಸಾಫ್ಟ್‌ವೇರ್ ಎಲ್ಲ ಸೇರಿ ತಿಂಗಳಿಗೆ 27,000. ಉಳಿತಾಯ 1,10,000, ಇದರಲ್ಲಿ ಆರೋಗ್ಯ ವಿಮೆಯ ವರ್ಷದ ಕಂತು 14,000 ಮೇ ತಿಂಗಳಲ್ಲಿ ಕಟ್ಟಬೇಕು. ಬರಬೇಕಾದ ಬಾಕಿ 86,000: ಒಂದು ತಿಂಗಳ ಒಳಗಿನದ್ದು 22,000, ಎರಡು ತಿಂಗಳಾದದ್ದು 24,000, ಮೂರು ತಿಂಗಳು ದಾಟಿದ್ದು 40,000. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ, ಜಿಎಸ್‌ಟಿ ಎರಡೂ ಇಲ್ಲ.

18,000ಕ್ಕೆ ಒಪ್ಪಬೇಕಾ? ಮಂಗಳೂರಿನಲ್ಲಿ ಏಜೆನ್ಸಿ ಕೆಲಸ ಹುಡುಕಬೇಕಾ? ಬಾಕಿ ವಸೂಲಿಗೆ ದಾರಿ ಉಂಟಾ?

---

ಬಾಕಿಪಟ್ಟಿ

ಮೊದಲು ಎಷ್ಟು ತಿಂಗಳು ತಡೀಲಿಕ್ಕೆ ಆಗ್ತದೆ ಅಂತ ನೋಡಿ, ಆಮೇಲೆ ಕೆಲಸ ಹುಡುಕುವ ಮಾತು.

ಉಳಿತಾಯ 1,10,000. ವಿಮೆಯ 14,000 ನಿಮ್ಮದಲ್ಲ ಅಂತಲೇ ತಿಳಿಯಿರಿ. ಉಳಿದದ್ದು 96,000. ರೆಸಾರ್ಟಿನ 14,000 ಬರ್ತಾ ಇದ್ದರೆ ತಿಂಗಳಿಗೆ ಕಮ್ಮಿ ಬೀಳುವುದು 13,000, ಹಾಗಾಗಿ ಏಳು ತಿಂಗಳು ದಾಟಿಸಬಹುದು. ಅದೂ ನಿಂತರೆ ಮೂರೂವರೆ ತಿಂಗಳು. ನೀವು 30,000ದ ಕಂಪೆನಿ ಹೋಗ್ತದೆ ಅಂತ ಹೆದರಿದ್ದೀರಿ, ಆದರೆ ನಿಮ್ಮ ಮನೆ ನಿಂತಿರುವುದು ಆ 14,000ದ ಮೇಲೆ.

ಬಾಕಿಯ 86,000ವನ್ನು ಆಸ್ತಿ ಅಂತ ಎಣಿಸ್ಬೇಡಿ. ತಿಂಗಳೊಳಗಿನದ್ದು ಪೂರ್ತಿ, ಎರಡು ತಿಂಗಳಾದದ್ದು ಅರ್ಧ, ಮೂರು ತಿಂಗಳು ದಾಟಿದ್ದು ಸೊನ್ನೆ. 22,000 ಮತ್ತು 12,000, ಒಟ್ಟು 34,000. ಹಳೇ 40,000 ಬಂದರೆ ಹಬ್ಬ, ಅದನ್ನು ನಂಬಿ ಬಾಡಿಗೆ ಲೆಕ್ಕ ಹಾಕಬಾರದು.

ಇನ್ನೊಂದು ಗುಂಡಿ ನಿಮಗೆ ಕಾಣ್ಲಿಲ್ಲ ಅಂತ ಕಾಣ್ತದೆ. ರೆಸಾರ್ಟ್ ಮಲ್ಪೆಯದ್ದು. ಮಳೆಗಾಲ ಬಂತು ಅಂದರೆ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ನಿಲ್ತದೆ, ಬೀಚಿಗೆ ಇಳಿಲಿಕ್ಕೆ ಬಿಡುವುದಿಲ್ಲ, ರೂಮು ಖಾಲಿ. ಜೂನ್ ಮೊದಲ ವಾರದಲ್ಲಿ "ಸ್ವಲ್ಪ ದಿನ ನಿಲ್ಲಿಸುವ" ಅಂತ ಫೋನ್ ಬಂದೇ ಬರ್ತದೆ. ಅದಕ್ಕೆ ಮೊದಲೇ, ಅಂದರೆ ಈಗ ಸೀಸನ್ ಇರುವಾಗಲೇ ಹೋಗಿ ಕೂತು ಮಾತಾಡಿ. ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಎಂಟು ತಿಂಗಳಿಗೆ 14,000ದಂತೆ ಅವರಿಗೆ ಬೀಳುವುದು 1,12,000. ನೀವು ಹನ್ನೆರಡು ತಿಂಗಳಿಗೆ 10,000ದಂತೆ 1,20,000ದ ವರ್ಷದ ಕರಾರು ಕೇಳಿ. ಸೀಸನ್ನಿನಲ್ಲಿ ಅವರಿಗೆ ತಿಂಗಳಿಗೆ 4,000 ಹಗುರ, ಮಳೆಗಾಲದಲ್ಲಿ ನಿಮಗೆ ಅಕ್ಕಿ. ಮಳೆಗಾಲದ ಕೆಲಸ ಏನು ಅಂತಲೂ ಬರೆದು ಕೊಡಿ: ಮೆನು ಕಾರ್ಡ್ ಹೊಸತು, ರೂಮಿನ ಫೋಟೋಗಳ ವಿಂಗಡಣೆ, ಅಕ್ಟೋಬರ್ ರಜೆಯ ಬ್ರೋಷರ್, ವೆಬ್‌ಸೈಟಿನ ಹಳೇ ದರಪಟ್ಟಿ ತೆಗೆಯುವುದು. ಬರೆಯದಿದ್ದರೆ "ಜುಲೈಯಲ್ಲಿ ನೀವು ಎಂತ ಮಾಡಿದ್ದು?" ಅಂತ ಕೇಳ್ತಾರೆ, ಕೇಳುವುದು ತಪ್ಪೂ ಅಲ್ಲ.

ಖರ್ಚಿನ ಕಡೆ ಒಂದೇ ಮಾತು. ಸಾಫ್ಟ್‌ವೇರ್ ಚಂದಾ ರದ್ದು ಮಾಡುವ ಮೊದಲು ಪ್ಲಾನ್ ಯಾವುದು ನೋಡಿ. ಅಡೋಬಿಯಲ್ಲಿ ವರ್ಷದ ಕರಾರು, ತಿಂಗಳ ಕಂತು ಅನ್ನುವ ಪ್ಲಾನ್ ಮಧ್ಯದಲ್ಲಿ ಬಿಟ್ಟರೆ ಉಳಿದ ಕಂತುಗಳ ಅರ್ಧದಷ್ಟು ಕಟ್ಟಬೇಕಾಗ್ತದೆ. ನವೀಕರಣದ ದಿನಾಂಕ ನೋಡಿ ಅದಕ್ಕೆ ಮೊದಲು ನಿಲ್ಲಿಸಿ. ಮತ್ತೆ, ಕ್ರೆಡಿಟ್ ಕಾರ್ಡಿನಲ್ಲಿ ಕನಿಷ್ಠ ಮೊತ್ತ ಮಾತ್ರ ಕಟ್ಟಿಕೊಂಡು ಹೋಗುವ ಯೋಚನೆ ಇದ್ದರೆ ಇವತ್ತೇ ಬಿಡಿ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಯಾವ ಡಿಸೈನೂ ದುಡಿದು ಕೊಡುವುದಿಲ್ಲ.

---

ಕಂಕನಾಡಿ ಕ್ರಾಪ್‌ಮಾರ್ಕ್

18,000ಕ್ಕೆ ಒಪ್ಪಿ. ಆದರೆ "ಅಷ್ಟೇ ಕೆಲಸಕ್ಕೆ" ಅಲ್ಲ.

30,000ಕ್ಕೆ ತಿಂಗಳಿಗೆ 60 ಗಂಟೆ ಹೋಗ್ತದೆ ಅಂತ ಇಟ್ಟುಕೊಳ್ಳಿ, ಗಂಟೆಗೆ 500. ಅದೇ ದರದಲ್ಲಿ 18,000ಕ್ಕೆ 36 ಗಂಟೆ. ಅಷ್ಟೇ ಕೆಲಸ ಮಾಡಿ ಕೊಟ್ಟರೆ ಗಂಟೆಗೆ 300 ಆಯ್ತು, ಜೊತೆಗೆ ಬೇರೆ ಗಿರಾಕಿ ಹುಡುಕಬಹುದಾಗಿದ್ದ 24 ಗಂಟೆಯೂ ಹೋಯ್ತು. ಇಳಿದ ದರ ಮತ್ತೆ ಹತ್ತುವುದು ಬಹಳ ಕಷ್ಟ. ಕಡಿಮೆ ಮಾಡಿದ ಕೆಲಸ ಮಾತ್ರ ಸುಲಭವಾಗಿ ವಾಪಸ್ ಬರ್ತದೆ, ಯಾಕೆಂದರೆ ಅವರಿಗೇ ಬೇಕಾಗ್ತದೆ. ಈಗ 20 ಪೋಸ್ಟ್, 4 ರೀಲ್, ಒಂದು ನ್ಯೂಸ್‌ಲೆಟರ್ ಮಾಡ್ತಿದ್ದರೆ, ರೀಲ್ ಮತ್ತು ನ್ಯೂಸ್‌ಲೆಟರ್ ತೆಗೆದು 14 ಪೋಸ್ಟ್ ಇಡಿ. ಕೇಳಿದರೆ ರೀಲಿಗೆ ಬೇರೆ ದರ.

ರಿಯಾಯಿತಿ ಕೊಡಲೇಬೇಕು ಅಂತ ಪಟ್ಟು ಹಿಡಿದರೆ ದುಡ್ಡು ಬರುವ ಸಮಯಕ್ಕೆ ಕೊಡಿ, ಕೆಲಸಕ್ಕೆ ಬೇಡ. ಮೂರು ತಿಂಗಳ ಹಣ ಮುಂಗಡ ಬಂದರೆ 10 ಪರ್ಸೆಂಟ್ ಕಡಿಮೆ. ಇನ್‌ವಾಯ್ಸಿನಲ್ಲಿ ಪೂರ್ತಿ ದರ ಒಂದು ಸಾಲು, ಕೆಳಗೆ "ತಾತ್ಕಾಲಿಕ ರಿಯಾಯಿತಿ, ಜೂನ್ 30ರವರೆಗೆ" ಅಂತ ಇನ್ನೊಂದು ಸಾಲು. ದಿನಾಂಕ ಹಾಕದ ರಿಯಾಯಿತಿ ಅಂದರೆ ಅದೇ ಹೊಸ ದರ. ಮತ್ತೆ ನಿಲ್ಲಿಸುವುದಾದರೆ ಎರಡೂ ಕಡೆಯಿಂದ 30 ದಿನದ ನೋಟಿಸ್. ಫಂಡಿಂಗ್ ನಿಂತ ಕಂಪೆನಿಯಿಂದ ಇದೊಂದು ಸಾಲು ಬರೆಸಿಕೊಳ್ಳುವುದು ದರಕ್ಕಿಂತ ಮುಖ್ಯ.

ಇನ್ನು 200 ರೂಪಾಯಿಯ ಎಐ ಪೋಸ್ಟರ್. ಕೋಪ ಮಾಡ್ಕೊಳ್ಬೇಡಿ, ಅಲ್ಲಿಯೇ ನಿಮ್ಮ ಅಂಗಡಿ ಉಂಟು. ಆ ಚಿತ್ರಗಳು ಅಕ್ಷರ ಜೋಡಿಸಿ ಬರೆದದ್ದಲ್ಲ, ಅಕ್ಷರದ ಹಾಗೆ ಕಾಣುವ ಗೆರೆ. "ಬ್ರಹ್ಮಕಲಶೋತ್ಸವ" ಬರೆಸಿ ನೋಡಿ, ಹ ಅಕ್ಷರದ ಕೆಳಗಿನ ಮಕಾರದ ಒತ್ತು ಎಲ್ಲಿಗೋ ಹೋಗಿರ್ತದೆ. ಅದರ ಮೇಲೆ ಅಳತೆ: 1024 ಪಿಕ್ಸೆಲ್ ಅಗಲದ ಚಿತ್ರ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) ಮೂರೂವರೆ ಇಂಚೂ ಬರುವುದಿಲ್ಲ. ಎ4ಗೆ ಬೇಕಾದದ್ದು 2480 ಗುಣಿಸು 3508. ಹಾಗಾಗಿ "ಅಕ್ಷರ ಸರಿ ಮಾಡುವುದು" ಅಂದರೆ ನಿಜವಾಗಿ ಇಡೀ ಪೋಸ್ಟರ್ ಮತ್ತೆ ಕಟ್ಟುವುದು. 200 ಅಲ್ಲ, ಪೂರ್ತಿ ದರ ಹೇಳಿ. ಹಿನ್ನೆಲೆ ಚಿತ್ರ ಅವರದ್ದೇ ಇರಲಿ ಅಂದರೆ ಬೇಕಾದರೆ ಕಾಲು ಭಾಗ ಬಿಡಿ.

ಊರಿನ ಕೆಲಸ ಹಿಡಿಯುವುದಾದರೆ ಕನ್ನಡ ಅಕ್ಷರ ಜೋಡಣೆಯಲ್ಲಿ ನಿಮ್ಮನ್ನು ಯಾರೂ ಮುಟ್ಟಬಾರದು. ಸಮಿತಿಯವರು ವಿಷಯ ಕಳಿಸುವುದು ನುಡಿ ಅಥವಾ ಬರಹ ಅನ್ನುವ ಹಳೇ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಫೈಲಿನಲ್ಲಿ. ಅದನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ: "ಕಾರ್ಯಕ್ರಮ" ಹೋಗಿ "ಕಾಯರ್ಕ್ರಮ", "ಧರ್ಮ" ಹೋಗಿ "ಧಮರ್". ಬದಲಿಸಿದ ಕೂಡಲೇ "ರ್" ಅನ್ನು ಫೈಂಡ್‌ನಲ್ಲಿ ಹಾಕಿ ಒಂದೊಂದೇ ನೋಡಿ. ಇಲ್ಲಸ್ಟ್ರೇಟರಿನಲ್ಲಿ "ಶ್ರೀ" ಒಡೆದು ಶ, ಅರ್ಧಚಂದ್ರ, ರೀ ಅಂತ ಬಿಡಿಬಿಡಿಯಾಗಿ ಕಂಡರೆ ಫಾಂಟಿನ ತಪ್ಪಲ್ಲ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಶೋ ಇಂಡಿಕ್ ಆಪ್ಷನ್ಸ್ ಟಿಕ್ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲಿನ ಮೆನುವಿನಲ್ಲಿ ಸೌತ್ ಏಷ್ಯನ್ ಕಂಪೋಸರ್ ಆರಿಸಿ. ಇನ್‌ಡಿಸೈನಿನಲ್ಲಿ ಅದರ ಹೆಸರು ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್. ಫಾಂಟಿಗೆ ದುಡ್ಡು ಹಾಕುವ ಕಾಲ ಇದಲ್ಲ. ಬಾಲೂ ತಮ್ಮ, ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ ಮೂರೂ ಮುಕ್ತ ಲೈಸೆನ್ಸಿನವು, ವ್ಯಾಪಾರದ ಕೆಲಸಕ್ಕೂ ಬಳಸಬಹುದು.

---

ಲೆಡ್ಜರ್ ಅಕ್ಕ

ಲೆಕ್ಕದ ಕಡೆಯಿಂದ ನಾಲ್ಕು ವಿಷಯ. ಮೊದಲನೆಯದು ಈ ವಾರವೇ ಆಗಬೇಕು.

ಉದ್ಯಮ್ ನೋಂದಣಿ ಉಚಿತ. ಸರ್ಕಾರದ ಪೋರ್ಟಲಿನಲ್ಲಿ ಆಧಾರ್, ಪ್ಯಾನ್ ಇದ್ದರೆ ಸಾಕು. ಮಧ್ಯವರ್ತಿ ವೆಬ್‌ಸೈಟುಗಳು ಸಾವಿರ, ಎರಡು ಸಾವಿರ ಕೇಳ್ತವೆ, ಕೊಡಬೇಡಿ. ಸೇವೆ ಅಂತ ಆರಿಸಿ, ನಿಮ್ಮದು ಸೂಕ್ಷ್ಮ ಉದ್ಯಮ ಆಗ್ತದೆ. ಇದರಿಂದ ಏನು ಸಿಗ್ತದೆ ಅಂದರೆ, 2006ರ ಎಂಎಸ್‌ಎಂಇಡಿ (ಸಣ್ಣ ಉದ್ಯಮಗಳ) ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಿರಾಕಿ ನಿಮಗೆ ಒಪ್ಪಿದ ದಿನದೊಳಗೆ ಹಣ ಕೊಡಬೇಕು, ಒಪ್ಪಂದದಲ್ಲಿ ಎಷ್ಟೇ ಬರೆದರೂ 45 ದಿನ ದಾಟುವಂತಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ 16ನೇ ಸೆಕ್ಷನ್: ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು, ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಬ್ಯಾಂಕ್ ರೇಟ್ 5.5 ಅಂತ ಹಿಡಿದರೆ ವರ್ಷಕ್ಕೆ 16.5. ಅಂದರೆ 40,000ದ ಬಿಲ್ಲಿಗೆ ಆರು ತಿಂಗಳಲ್ಲಿ ಸುಮಾರು 3,400. ಕೊಡದಿದ್ದರೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲಿನಲ್ಲಿ ದೂರು ಹಾಕಬಹುದು, ಅದು ಇಂಥ ಬಾಕಿಯ ತಕರಾರು ತೀರ್ಮಾನಿಸುವ ಫೆಸಿಲಿಟೇಶನ್ ಕೌನ್ಸಿಲಿಗೆ ಹೋಗ್ತದೆ.

ಇಲ್ಲಿ ಎಡವುವುದು ಎಲ್ಲಿ ಅಂದರೆ, ನೋಂದಣಿ ಹಿಂದಿನ ಕೆಲಸಕ್ಕೆ ಅನ್ವಯಿಸ್ತದೆ ಅಂತ ತಿಳಿಯುವುದು. 2021ರಲ್ಲಿ ಸುಪ್ರೀಂ ಕೋರ್ಟ್ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹಾಗಿಲ್ಲ ಅಂದಿದೆ. ಹಾಗಾಗಿ ನಿಮ್ಮ ಈಗಿನ 86,000ಕ್ಕೆ ಇದರ ಬಲ ಇಲ್ಲ ಅಂತಲೇ ಇಟ್ಟುಕೊಳ್ಳಿ. ಏಪ್ರಿಲಿನ ಮೊದಲ ಕೆಲಸಕ್ಕೆ ಮುಂಚೆ ನಂಬರ್ ಕೈಯಲ್ಲಿರಲಿ.

ಎರಡನೆಯದು, ಕಂಪೆನಿಗಳಿಗೆ ನಿಜವಾಗಿ ಚುಚ್ಚುವುದು ಆ ಬಡ್ಡಿ ಅಲ್ಲ, ಆದಾಯ ತೆರಿಗೆ. 2023ರ ಫೈನಾನ್ಸ್ ಆ್ಯಕ್ಟಿನಲ್ಲಿ ಸೇರಿಸಿದ 43ಬಿ(ಎಚ್) ಅನ್ನುವ ನಿಯಮ ಉಂಟು (ಹೊಸ ಕಾಯ್ದೆಯಲ್ಲಿ ನಂಬರು ಬೇರೆ, ಆಡಿಟರುಗಳು ಈಗಲೂ ಹಳೇ ನಂಬರಲ್ಲೇ ಕರೀತಾರೆ). ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಆ 15 ಅಥವಾ 45 ದಿನದೊಳಗೆ ಕೊಡದೆ ಮಾರ್ಚ್ 31 ದಾಟಿಸಿದರೆ ಆ ವರ್ಷ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ, ಕೊಟ್ಟ ವರ್ಷದಲ್ಲಿ ಮಾತ್ರ. ಹಾಗಾಗಿ ಇನ್‌ವಾಯ್ಸಿನ ತಲೆಯಲ್ಲೇ ಉದ್ಯಮ್ ನಂಬರ್ ಮತ್ತು "ಸೂಕ್ಷ್ಮ ಉದ್ಯಮ, ಸೇವೆ" ಅಂತ ಹಾಕಿ, ಪ್ರತಿ ವರ್ಷ ಫೆಬ್ರವರಿ ಕೊನೆಗೆ ಬಾಕಿ ಪಟ್ಟಿಯನ್ನು ಅವರ ಅಕೌಂಟ್ಸ್ ವಿಭಾಗಕ್ಕೆ ಮೇಲ್ ಮಾಡಿ. ಮಾರ್ಕೆಟಿಂಗಿನವರಿಗೆ ಹತ್ತು ಸಲ ಫೋನ್ ಮಾಡುವುದಕ್ಕಿಂತ ಅದು ಕೆಲಸ ಮಾಡ್ತದೆ. ಲೆಕ್ಕಪುಸ್ತಕ ಇಡದೆ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸಣ್ಣ ಅಂಗಡಿಯವರಿಗೆ ಮಾತ್ರ ಇದರಿಂದ ಬಿಸಿ ತಾಗುವುದಿಲ್ಲ, ಅವರ ಹತ್ತಿರ ಹೇಳಿ ಉಪಯೋಗ ಇಲ್ಲ.

ಮೂರನೆಯದು ನಿಮಗೆ ಖುಷಿಯದ್ದು. ಬೆಂಗಳೂರಿನ ಕಂಪೆನಿ ತಿಂಗಳಿಗೆ 30,000 ಕೊಡುವಾಗ 10 ಪರ್ಸೆಂಟ್ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿದಿದ್ದರೆ ವರ್ಷಕ್ಕೆ 36,000 ಆಯ್ತು. ವರ್ಷದ ಆದಾಯ 12 ಲಕ್ಷದೊಳಗಿದ್ದರೆ ಹೊಸ ಪದ್ಧತಿಯಲ್ಲಿ ರಿಬೇಟ್ ಸೇರಿ ತೆರಿಗೆ ಶೂನ್ಯ, ಅಷ್ಟೂ ವಾಪಸ್ ಬರ್ತದೆ. ರಿಟರ್ನ್ ಹಾಕಿದ ಮೇಲಷ್ಟೇ. ಈಗಲೇ 26ಎಎಸ್ (ನಿಮ್ಮ ಪ್ಯಾನಿಗೆ ಜಮೆಯಾದ ತೆರಿಗೆಯ ಪಟ್ಟಿ) ತೆಗೆದು ಮುಗಿದ ತ್ರೈಮಾಸಿಕಗಳೆಲ್ಲ ಬಂದಿದೆಯಾ ನೋಡಿ. ಕಡಿದು ಕಟ್ಟದೆ ಇದ್ದರೆ, ಅಥವಾ ಪ್ಯಾನ್ ತಪ್ಪು ಹಾಕಿದ್ದರೆ, ಕಂಪೆನಿಯ ಜೊತೆ ಸಂಬಂಧ ಇರುವಾಗಲೇ ಸರಿ ಮಾಡಿಸಿ. ನಿಂತ ಮೇಲೆ ಅಕೌಂಟ್ಸಿನವರು ಫೋನ್ ಎತ್ತುವುದಿಲ್ಲ. ಮುಂದಿನ ವರ್ಷಕ್ಕೆ 15ಜಿ (ತೆರಿಗೆ ಕಡಿಯಬೇಡಿ ಅನ್ನುವ ಫಾರ್ಮ್) ಕೊಡುವ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಈ ಬಗೆಯ ಶುಲ್ಕಕ್ಕೆ ಅದು ಇಲ್ಲ. ಕಡಿತ ಕಮ್ಮಿ ಮಾಡಿಸ್ಲಿಕ್ಕೆ ಇಲಾಖೆಯಿಂದಲೇ ಪ್ರಮಾಣಪತ್ರ ತೆಗೀಬೇಕು.

ಇದರ ಜೊತೆ ಒಂದು ಎಚ್ಚರಿಕೆ. ಆದಾಯ ತೆರಿಗೆಯ 44ಎಡಿಎ ಸೆಕ್ಷನ್ ಅಡಿ ಅರ್ಧ ಆದಾಯ ತೋರಿಸಿದರೆ ಸಾಕು ಅಂತ ಎಲ್ಲ ಡಿಸೈನರುಗಳೂ ಹೇಳ್ತಾರೆ. ಅದರ ವೃತ್ತಿಗಳ ಪಟ್ಟಿಯಲ್ಲಿ ಇಂಟೀರಿಯರ್ ಡೆಕೋರೇಶನ್ ಉಂಟು, ಗ್ರಾಫಿಕ್ ಡಿಸೈನ್ ಅಂತ ಹೆಸರು ಹಿಡಿದು ಇಲ್ಲ. ಯಾವ ಸೆಕ್ಷನ್ ಅಂತ ನಿಮ್ಮ ಸಿಎ ಹತ್ತಿರ ಒಮ್ಮೆ ಕೂತು ತೀರ್ಮಾನಿಸಿ, ವರ್ಷಕ್ಕೊಂದು ಮಾಡಬೇಡಿ.

ಜಿಎಸ್‌ಟಿ: ಸೇವೆಗೆ ವರ್ಷಕ್ಕೆ 20 ಲಕ್ಷದವರೆಗೆ ನೋಂದಣಿ ಬೇಡ. ಕಾಸರಗೋಡಿನ ಗಿರಾಕಿಗೆ ಮಾಡಿದರೂ ಬೇಡ, ಹೊರರಾಜ್ಯಕ್ಕೆ ಸರಕು ಕಳಿಸುವವರ ನಿಯಮ ಸೇವೆಗೆ ಬೇರೆ. ನಂಬರ್ ಇಲ್ಲದೆ ಬಿಲ್ಲಿನಲ್ಲಿ 18 ಪರ್ಸೆಂಟ್ ಸೇರಿಸುವುದು ಮಾತ್ರ ಅಪರಾಧ.

---

ಉಡುಪಿ_ಲೇಔಟ್

ಅಕ್ಕ, 26ಎಎಸ್ ನೋಡಿದೆ, ಮೂರು ತ್ರೈಮಾಸಿಕ ಬಂದಿದೆ. ಈ ದುಡ್ಡು ಉಂಟು ಅಂತಲೇ ಗೊತ್ತಿರಲಿಲ್ಲ.

ಹಳೇ 40,000ದ ವಿಷಯ: ಅದು ಇಬ್ಬರದ್ದು. ಒಂದು ಶಾಲೆಯ ಪ್ರಾಸ್ಪೆಕ್ಟಸ್ 28,000, ಒಂದು ಬಟ್ಟೆ ಅಂಗಡಿ 12,000. ಒಪ್ಪಂದ ಅಂತ ಎಂತದ್ದೂ ಇಲ್ಲ, ಎಲ್ಲ ವಾಟ್ಸಾಪಿನಲ್ಲೇ. ಕೇಳಿದಾಗೆಲ್ಲ "ಮುಂದಿನ ವಾರ ನೋಡುವ" ಅಂತಾರೆ. ಜಗಳ ಮಾಡ್ಲಿಕ್ಕೂ ಆಗುವುದಿಲ್ಲ, ಸಣ್ಣ ಊರು.

---

ಬಾಕಿಪಟ್ಟಿ

ಜಗಳ ಬೇಡ. ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಹಣದ ದಾವೆಗೆ ಮೂರು ವರ್ಷದ ಕಾಲಮಿತಿ. ಅದರೊಳಗೆ ಅವರು ಸಹಿ ಮಾಡಿದ ಪತ್ರದಲ್ಲಿ ಬಾಕಿ ಒಪ್ಪಿಕೊಂಡರೆ ಅಲ್ಲಿಂದ ಹೊಸ ಮೂರು ವರ್ಷ. ವಾಟ್ಸಾಪ್ ಉತ್ತರವೂ ಸಾಕ್ಷಿಯೇ, ಅದಕ್ಕೆ ಚಾಟ್ ಡಿಲೀಟ್ ಮಾಡಬೇಡಿ, ಫೋನ್ ಬದಲಿಸುವ ಮೊದಲು ಎಕ್ಸ್‌ಪೋರ್ಟ್ ಮಾಡಿ ಇಡಿ.

ಸಂದೇಶ ಹೀಗಿರಲಿ:

"ಸರ್, ನಮಸ್ಕಾರ. ಪ್ರಾಸ್ಪೆಕ್ಟಸ್ 24 ಪುಟದ ಡಿಸೈನ್, ನವೆಂಬರ್ 18ಕ್ಕೆ ಫೈನಲ್ ಫೈಲ್ ಕೊಟ್ಟಿದ್ದೇನೆ. ಬಿಲ್ 28,000. ಒಂದೇ ಸಲಕ್ಕೆ ಕಷ್ಟ ಆದರೆ ಏಪ್ರಿಲ್ 5, ಮೇ 5, ಜೂನ್ 5ಕ್ಕೆ ಮೂರು ಕಂತಿನಲ್ಲಿ ಕೊಡಬಹುದು. ಯಾವುದು ಅನುಕೂಲ ಅಂತ ತಿಳಿಸಿ."

"ಯಾವಾಗ ಕೊಡ್ತೀರಿ" ಅಂತ ಕೇಳಬೇಡಿ, ಅದಕ್ಕೆ ಸಿಗುವ ಉತ್ತರ ಯಾವಾಗಲೂ ಮುಂದಿನ ವಾರ. ಎರಡರಲ್ಲಿ ಒಂದು ಆರಿಸಿ ಅಂತ ಕೇಳಿದರೆ, ಯಾವುದನ್ನು ಆರಿಸಿದರೂ 28,000 ಕೊಡಬೇಕಾದ್ದು ಹೌದು ಅಂತ ಬರೆದ ಹಾಗೆ ಆಯ್ತು. ಶಾಲೆಯವರಿಗೆ ಮಾರ್ಚ್‌ನಿಂದ ಮೇವರೆಗೆ ಅಡ್ಮಿಶನ್ ಹಣ ಬರುವ ಕಾಲ. ಜೂನ್ ದಾಟಿದರೆ ಇನ್ನೊಂದು ವರ್ಷ.

ಕಂತಿಗೆ ಮುಂದಿನ ದಿನಾಂಕದ ಚೆಕ್ ಕೊಡ್ತಾರಾ ಕೇಳಿ. ಚೆಕ್ ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ಲಿಖಿತ ನೋಟಿಸ್, ಅದು ತಲುಪಿದ ಮೇಲೆ ಅವರಿಗೆ 15 ದಿನ, ಆಮೇಲೆ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ಚೆಕ್ ಬೌನ್ಸಿನ 138ನೇ ಸೆಕ್ಷನ್ ದೂರು. ಒಂದು ದಿನ ತಪ್ಪಿದರೂ ಕಷ್ಟ. ಸಾಮಾನ್ಯವಾಗಿ ಅಲ್ಲಿವರೆಗೆ ಹೋಗುವುದಿಲ್ಲ, ಚೆಕ್ ಕೊಟ್ಟವರು ದಿನಾಂಕ ನೆನಪಿಟ್ಟುಕೊಳ್ತಾರೆ.

12,000ದ ಬಟ್ಟೆ ಅಂಗಡಿಗೆ ವಕೀಲರ ನೋಟಿಸ್ ಕಳಿಸಿ ಪ್ರಯೋಜನ ಇಲ್ಲ, ಖರ್ಚೇ ಅಷ್ಟಾಗ್ತದೆ. ಅವರ ಮುಂದಿನ ಕೆಲಸಕ್ಕೆ "ಹಳೇದರಲ್ಲಿ 6,000 ಕೊಡಿ, ಹೊಸದಕ್ಕೆ ಪೂರ್ತಿ ಮುಂಗಡ" ಅನ್ನಿ. ಬಂದರೆ ಬಂತು.

ಮುಂದಿನದಕ್ಕೆ: ಪ್ರೂಫ್‌ಗೆ ಯಾವಾಗಲೂ ವಾಟರ್‌ಮಾರ್ಕ್ ಹಾಕಿದ 100 ಡಿಪಿಐ ಪಿಡಿಎಫ್ ಮಾತ್ರ. ಮೂಲ ಫೈಲ್ ಪೂರ್ತಿ ಹಣ ಬಂದ ಮೇಲೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕು ವರ್ಗ ಆಗಬೇಕಾದರೆ ಸಹಿ ಮಾಡಿದ ಬರಹ ಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಜಾಗ ಬರೆಯದಿದ್ದರೆ ಭಾರತ ಮಾತ್ರ ಅಂತ ಲೆಕ್ಕ. ಲೋಗೊ ಕೆಲಸದಲ್ಲಿ "ಪೂರ್ತಿ ಹಣ ಸಂದ ದಿನದಿಂದ ಹಕ್ಕು ವರ್ಗ" ಅಂತ ಒಂದು ಸಾಲು ಇದ್ದರೆ ಕೊನೆಯ ಕಂತು ತಾನಾಗಿ ಬರ್ತದೆ.

---

ಬಂದರ್ ಆಫ್‌ಸೆಟ್

ಮೇಲೆ ಎಲ್ಲ ಸರಿ ಹೇಳಿದ್ದಾರೆ. ಒಂದು ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ: ದೇವಸ್ಥಾನದ ಸಮಿತಿ, ಗರಡಿ, ಯುವಕ ಮಂಡಲದ ಹತ್ತಿರ "ಪೂರ್ತಿ ಮುಂಗಡ, ಕರಾರು ಪತ್ರ" ಅಂತ ಹೋದರೆ ಕೆಲಸ ಪಕ್ಕದ ಮನೆಗೆ ಹೋಗ್ತದೆ ಮಾರಾಯ್ರೆ. ಅಲ್ಲಿ ಹಣ ಬರುವ ದಾರಿಯೇ ಬೇರೆ. ಉತ್ಸವ ಮುಗಿದು ಲೆಕ್ಕಪತ್ರ ಮಂಡನೆ ಆದ ಮೇಲೆ ಬಿಲ್ ಪಾಸಾಗುವುದು, ಅಷ್ಟೊತ್ತಿಗೆ ಪದಾಧಿಕಾರಿಗಳು ಬದಲಾಗಿರ್ತಾರೆ. ಎರಡು ಉಪಾಯ ಉಂಟು. ಆಮಂತ್ರಣದ ಖರ್ಚು ಯಾವ ದಾನಿ ವಹಿಸಿದ್ದು ಅಂತ ಪ್ರಚಾರ ಸಮಿತಿಯ ಸಂಚಾಲಕರ ಹತ್ತಿರ ಕೇಳಿ, ಬಿಲ್ ನೇರ ದಾನಿಗೆ. ಅಥವಾ ಪ್ರೆಸ್ಸಿನವರ ಜೊತೆ ಮಾತಾಡಿ ಡಿಸೈನ್ ಹಣವನ್ನು ಪ್ರಿಂಟಿನ ಬಿಲ್ಲಿಗೇ ಸೇರಿಸಿ. ಕಾಗದ, ಪ್ಲೇಟಿಗೆ ಪ್ರೆಸ್ಸಿನವರು ಮುಂಗಡ ಕೇಳಿಯೇ ಕೇಳ್ತಾರೆ, ಅದರಲ್ಲಿ ನಿಮ್ಮದೂ ಬರ್ತದೆ.

ಪ್ರೂಫ್ ಒಪ್ಪಿಗೆ ಮಾತ್ರ ಬಿಡಬೇಡಿ. ನಮ್ಮ ಕಡೆ ಆಮಂತ್ರಣದಲ್ಲಿ ವಿನ್ಯಾಸ ಎಂಟಾಣೆ, ಹೆಸರು ಹದಿನಾರಾಣೆ. ನೂರೈವತ್ತು ಹೆಸರು, ಅದರಲ್ಲಿ ಒಬ್ಬರದ್ದು ಬಿಟ್ಟು ಹೋದರೆ, ಇನಿಶಿಯಲ್ ತಪ್ಪಿದರೆ, ಗೌರವಾಧ್ಯಕ್ಷರು ಅಧ್ಯಕ್ಷರ ಕೆಳಗೆ ಬಂದರೆ, ಮರುಮುದ್ರಣ ಯಾರ ತಲೆಗೆ? ಹೆಸರಿನ ಪಟ್ಟಿ ಟೈಪ್ ಮಾಡಿ ಕಳಿಸಬೇಕು, ಕೈಬರಹದ ಫೋಟೋ ತೆಗೆದುಕೊಳ್ಳುವುದಿಲ್ಲ ಅಂತ ಮೊದಲೇ ಹೇಳಿ. ತಿದ್ದುಪಡಿ ಎರಡು ಸುತ್ತು ಉಚಿತ, ಮೂರನೆಯದರಿಂದ ಸುತ್ತಿಗೆ ಇಷ್ಟು. ಕೊನೆಗೆ ಒಬ್ಬರೇ, ಗ್ರೂಪಿನಲ್ಲಿ ಹತ್ತು ಜನ ಅಲ್ಲ, "ಹೆಸರು, ತಿಥಿ, ವಾರ, ಮುಹೂರ್ತ ನೋಡಿದ್ದೇವೆ, ಪ್ರಿಂಟ್ ಮಾಡಬಹುದು" ಅಂತ ಬರೆಯಬೇಕು. ದಿನಾಂಕ ಮತ್ತು ವಾರ ಹೊಂದುತ್ತದಾ ಅಂತ ಕ್ಯಾಲೆಂಡರಿನಲ್ಲಿ ನೀವೇ ಒಮ್ಮೆ ನೋಡಿ, ಅತಿ ಹೆಚ್ಚು ತಪ್ಪುವುದು ಅಲ್ಲೇ.

ಫೈಲ್ ಕೊಡುವಾಗ ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು), ಅಕ್ಷರ ಅಂಚಿನಿಂದ 5 ಮಿ.ಮೀ. ಒಳಗೆ. ಸಣ್ಣ ಕಪ್ಪು ಅಕ್ಷರ ಕಪ್ಪು 100 ಮಾತ್ರ ಇರಲಿ, ಉಳಿದ ಮೂರು ಬಣ್ಣ ಸೊನ್ನೆ. ಆರ್‌ಜಿಬಿಯಿಂದ ಬದಲಿಸಿದರೆ ನಾಲ್ಕು ಬಣ್ಣದ ಕಪ್ಪಾಗ್ತದೆ, ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರದ ಹೊಟ್ಟೆ ತುಂಬಿ ಓದ್ಲಿಕ್ಕಾಗುವುದಿಲ್ಲ. ಪ್ರೆಸ್ಸಿಗೆ ಔಟ್‌ಲೈನ್ ಮಾಡಿದ (ಅಕ್ಷರವನ್ನು ಚಿತ್ರದ ಗೆರೆಯಾಗಿಸಿದ) ಪ್ರತಿ, ನಿಮ್ಮ ಹತ್ತಿರ ಅಕ್ಷರ ತಿದ್ದಬಹುದಾದ ಪ್ರತಿ, ಎರಡಕ್ಕೂ ಬೇರೆ ಹೆಸರು. ತಿದ್ದಬಹುದಾದ ಪ್ರತಿಯ ಮೇಲೆ ಔಟ್‌ಲೈನ್ ಸೇವ್ ಮಾಡಿ ರಾತ್ರಿ ಹನ್ನೊಂದಕ್ಕೆ ಇಡೀ ಪಟ್ಟಿ ಮತ್ತೆ ಟೈಪ್ ಮಾಡುವವರು ಕಡಿಮೆ ಇಲ್ಲ.

ಇನ್ನು ಸೀಸನ್. ಬೆಂಗಳೂರಿನ ಕೆಲಸ ಹಿಡಿದವರಿಗೆ ಊರಿನ ಪಂಚಾಂಗ ಮರೆತು ಹೋಗಿರ್ತದೆ. ಈಗಿನಿಂದ ಮೇ ತನಕ ಬ್ರಹ್ಮಕಲಶ, ಜಾತ್ರೆ, ನೇಮ, ಮದುವೆ, ಗೃಹಪ್ರವೇಶ. ಮೇ ಕೊನೆಯ ಪತ್ತನಾಜೆಗೆ (ತುಳುನಾಡಿನಲ್ಲಿ ಸೀಸನ್ ಮುಗಿಯುವ ದಿನ) ಕೋಲ, ಯಕ್ಷಗಾನ ಮೇಳದ ತಿರುಗಾಟ ಎಲ್ಲ ಬಂದ್. ಜೂನ್, ಜುಲೈ ಯಾಂತ್ರಿಕ ಬೋಟುಗಳಿಗೆ 61 ದಿನ ರಜೆ, ಮೀನಿನ ಪೇಟೆಯ ದುಡ್ಡೂ ಓಡುವುದಿಲ್ಲ. ಆದರೆ ಜುಲೈ ಮಧ್ಯದಿಂದ ತುಳುವಿನ ಆಟಿ ತಿಂಗಳು. ಶುಭ ಕಾರ್ಯ ಇಲ್ಲದ ಈ ತಿಂಗಳಲ್ಲೇ ಊರೂರಿನ ಸಂಘ, ಕಾಲೇಜುಗಳಲ್ಲಿ "ಆಟಿಡೊಂಜಿ ದಿನ" (ಆಟಿಯಲ್ಲೊಂದು ದಿನ), "ಕೆಸರ್ಡೊಂಜಿ ದಿನ" (ಕೆಸರಿನಲ್ಲೊಂದು ದಿನ). ಸಣ್ಣ ಕೆಲಸ, ಆದರೆ ಸಾಲು ಸಾಲು. ಬ್ಯಾಡ್ಜ್, ಬ್ಯಾನರ್, ಪ್ರಮಾಣಪತ್ರ, ಇನ್‌ಸ್ಟಾಗ್ರಾಮ್ ಪೋಸ್ಟ್ ನಾಲ್ಕೂ ಸೇರಿಸಿ ಒಂದೇ ದರದ ಕಟ್ಟು ಮಾಡಿ ಜೂನ್ ಎರಡನೇ ವಾರ ಸಂಘಗಳ ಕಾರ್ಯದರ್ಶಿಗಳಿಗೆ ಕಳಿಸಿ. ಆಮೇಲೆ ಅಷ್ಟಮಿ, ಮೊಸರು ಕುಡಿಕೆ, ಚೌತಿ, ನವರಾತ್ರಿ. ನವೆಂಬರಿನಿಂದ ಕಂಬಳ, ಮತ್ತೆ ಯಕ್ಷಗಾನ. ಪ್ರತಿಯೊಂದಕ್ಕೂ 40 ದಿನ ಮೊದಲು ಕೇಳಿದರೆ ಕೆಲಸ ನಿಮ್ಮದು, 15 ದಿನ ಮೊದಲು ಕೇಳಿದರೆ ಬ್ಯಾನರ್ ಆಗಲೇ ಕಟ್ಟಿ ಆಗಿರ್ತದೆ.

ಅಂಗಡಿ ಬೋರ್ಡಿನ ಕೆಲಸವೂ ಮುಗಿದಿಲ್ಲ. 2024ರ ತಿದ್ದುಪಡಿಯಿಂದ ನಾಮಫಲಕದಲ್ಲಿ 60 ಪರ್ಸೆಂಟ್ ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು. ಹಲವು ಕಡೆ ಇಂಗ್ಲಿಷ್ ಲೋಗೊವಿನ ಮೇಲೆ ಕನ್ನಡವನ್ನು ಅಂಟಿಸಿ ಬಿಟ್ಟಿದ್ದಾರೆ, ನೋಡ್ಲಿಕ್ಕೇ ಆಗುವುದಿಲ್ಲ. ಬೋರ್ಡಿನ ನೇರ ಫೋಟೋ ತೆಗೆದು, ಅದರ ಮೇಲೆ ಹೊಸ ವಿನ್ಯಾಸ ಕೂರಿಸಿ, ಅಳತೆ ಸಮೇತ ಒಂದು ಹಾಳೆ ಮಾಡಿ ಮಾಲೀಕರಿಗೆ ತೋರಿಸಿ. ಬ್ಯಾನರಿಗೆ 100 ಮೈಕ್ರಾನಿಗಿಂತ ತೆಳ್ಳಗಿನ ಪಿವಿಸಿ 2022ರ ಜುಲೈಯಿಂದ ದೇಶಕ್ಕೇ ನಿಷೇಧ. ಬಟ್ಟೆಯ ಬ್ಯಾನರಿನಲ್ಲಿ ಶಾಯಿ ಹರಡ್ತದೆ, ತೆಳು ಗೆರೆಯ ಫಾಂಟ್ ಬೇಡ, ದಪ್ಪ ಅಕ್ಷರ ಹಾಕಿ.

---

ಪಂಪ್‌ವೆಲ್ ಪಿಕ್ಸೆಲ್

ಏಜೆನ್ಸಿ ಕೆಲಸದ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ.

ಸಂಬಳ ಅಂದ ಕೂಡಲೇ ಭದ್ರತೆ ಅಂತ ಅಲ್ಲ. ಇಲ್ಲಿನ ಹೆಚ್ಚಿನ ಏಜೆನ್ಸಿಗಳಲ್ಲಿ ಎಂಟು ಹತ್ತು ಜನ. 20 ಜನರಿಗಿಂತ ಕಮ್ಮಿ ಇದ್ದರೆ ಪಿಎಫ್ ಕಡ್ಡಾಯ ಅಲ್ಲ, ಇಎಸ್‌ಐ 10 ಜನ ಇದ್ದರೆ, ಅದೂ ಸಂಬಳ 21,000ದೊಳಗೆ ಇದ್ದರೆ. ಗಿರಾಕಿ ಕಮ್ಮಿ ಆದಾಗ ಪ್ರೊಬೇಶನ್‌ನಲ್ಲಿ ಇರುವವರೇ ಮೊದಲು ಹೊರಗೆ. ನಿಮ್ಮ ಬೆಂಗಳೂರಿನ ಕಂಪೆನಿಗೆ ಬಂದದ್ದೇ ಏಜೆನ್ಸಿಯ ಗಿರಾಕಿಗಳಿಗೂ ಬಂದಿರ್ತದೆ.

ಹೋಗುವುದಾದರೆ ಮೂರು ಕೇಳಿ: ನೋಟಿಸ್ ಎಷ್ಟು ದಿನ, ಹೊರಗಿನ ಕೆಲಸ ಮಾಡಬಹುದಾ, ಸಂಬಳ ಯಾವ ತಾರೀಕಿಗೆ ಬರ್ತದೆ. ಎರಡನೆಯದಕ್ಕೆ ಇಲ್ಲ ಅಂದರೆ ರೆಸಾರ್ಟಿನ 10,000 ಮತ್ತು ಊರಿನ ಸೀಸನ್ ಎರಡೂ ಬಿಟ್ಟ ಹಾಗೆ. 25,000 ಸಂಬಳ, ಉಡುಪಿಯಿಂದ ಮಂಗಳೂರಿಗೆ ದಿನಾ ಬಸ್ಸು, ಹೋಗಿ ಬರುವುದಕ್ಕೆ ಮೂರು ಗಂಟೆ. ಲೆಕ್ಕ ನೀವೇ ಹಾಕಿ. ವಾರಕ್ಕೆ ಮೂರು ದಿನದ ಕರಾರು ಸಿಕ್ಕಿದರೆ ಮಾತ್ರ ಯೋಚಿಸಬಹುದು. ಕೆಲಸ ಕಮ್ಮಿ ಇರುವಾಗ ಪೂರ್ತಿ ಸಂಬಳದ ಜನ ಬೇಡ ಅನ್ನುವ ಏಜೆನ್ಸಿಗಳೇ ಹೀಗೆ ತಗೊಳ್ತವೆ.

ನಿಲ್ಲಬೇಕಾದ ಗೆರೆ ಈಗಲೇ ಹಾಕಿ: ಕೈಯಲ್ಲಿ 54,000, ಅಂದರೆ ಎರಡು ತಿಂಗಳ ಖರ್ಚು, ಉಳಿದ ದಿನ ಅರ್ಜಿ ಹಾಕ್ಲಿಕ್ಕೆ ಶುರು. ಸೊನ್ನೆ ಆದ ಮೇಲೆ ಹುಡುಕಿದರೆ ಸಿಕ್ಕಿದ ಸಂಬಳಕ್ಕೆ ಹೂಂ ಅನ್ನಬೇಕಾಗ್ತದೆ.

---

ಉಡುಪಿ_ಲೇಔಟ್

ರೆಸಾರ್ಟಿನವರು ಶುಕ್ರವಾರ ಬರ್ಲಿಕ್ಕೆ ಹೇಳಿದ್ದಾರೆ. ಉದ್ಯಮ್ ನಂಬರ್ ಬಂತು. ಕೊನೆಗೊಂದು: ದುಬೈಯಲ್ಲಿರುವ ಪರಿಚಯದವರ ಕ್ಯಾಟರಿಂಗ್‌ಗೆ ಮೆನು, ಲೋಗೊ ಕೇಳ್ತಿದ್ದಾರೆ. ಫೈವರ್ (ಫ್ರೀಲ್ಯಾನ್ಸ್ ಕೆಲಸದ ವೆಬ್‌ಸೈಟ್) ಮೂಲಕ ಮಾಡಿದರೆ ಸುರಕ್ಷಿತ ಅಂತಾರೆ. ಅಥವಾ ಅವರ ತಮ್ಮ ಇಲ್ಲಿ ಕಾಪುವಿನಲ್ಲಿ ಕ್ಯಾಶ್ ಕೊಡ್ತಾರಂತೆ. ಯಾವುದು ಒಳ್ಳೆಯದು?

---

ಲೆಡ್ಜರ್ ಅಕ್ಕ

ಪರಿಚಯದವರೇ ಆದ ಮೇಲೆ ಫೈವರ್‌ಗೆ 20 ಪರ್ಸೆಂಟ್ ಯಾಕೆ ಕೊಡಬೇಕು? ಅದು ಗುರುತಿಲ್ಲದ ಗಿರಾಕಿಗೆ ಸರಿ. ತಮ್ಮನ ಕೈಯಿಂದ ಕ್ಯಾಶ್ ಬೇಡ. ಆಗ ಅದು ವಿದೇಶದಿಂದ ಬಂದ ಹಣ ಅಂತ ತೋರಿಸ್ಲಿಕ್ಕೆ ಯಾವ ಕಾಗದವೂ ಇರುವುದಿಲ್ಲ. ನೇರ ನಿಮ್ಮ ಖಾತೆಗೆ ಬ್ಯಾಂಕ್ ವರ್ಗಾವಣೆ, ಅಥವಾ ವೈಸ್, ಪಯೋನಿಯರ್ ಮೂಲಕ ತರಿಸಿ. ಹಣ ಬಂದ ಕೂಡಲೇ ವಿದೇಶದಿಂದ ಹಣ ಬಂತು ಅನ್ನುವ ಬ್ಯಾಂಕಿನ ಪತ್ರ (ಎಫ್‌ಐಆರ್‌ಎ) ಇಳಿಸಿಕೊಂಡು ಇನ್‌ವಾಯ್ಸಿನ ಜೊತೆ ಒಂದೇ ಫೋಲ್ಡರಿನಲ್ಲಿ ಇಡಿ. ಮುಂದೆ ನೀವು 20 ಲಕ್ಷ ದಾಟಿ ಜಿಎಸ್‌ಟಿಗೆ ಬಂದ ಮೇಲೆ, ರಫ್ತು ಅಂತ ತೆರಿಗೆ ಇಲ್ಲದೆ ಬಿಲ್ ಮಾಡಿದ್ದಕ್ಕೆ ಪುರಾವೆಯಾಗಿಯೂ ಇದೇ ಕಾಗದ ಬೇಕಾಗ್ತದೆ. ಇನ್‌ವಾಯ್ಸ್ ದಿರ್ಹಮಿನಲ್ಲೇ ಮಾಡಿ, ಅರ್ಧ ಮುಂಗಡ, ಬ್ಯಾಂಕ್ ಶುಲ್ಕ ಕಳಿಸುವವರದ್ದು ಅಂತ ಅದರಲ್ಲೇ ಬರೆಯಿರಿ. ಇಲ್ಲದಿದ್ದರೆ ಮಧ್ಯದ ಬ್ಯಾಂಕು ಕಡಿದದ್ದು ನಿಮ್ಮ ಲೆಕ್ಕಕ್ಕೆ ಬೀಳ್ತದೆ.

---

ಕಂಕನಾಡಿ ಕ್ರಾಪ್‌ಮಾರ್ಕ್

ಮತ್ತೆ ಮೆನುವಿನಲ್ಲಿ ಅರೇಬಿಕ್ ಇದ್ದರೆ ಅದೇ ವರ್ಲ್ಡ್ ರೆಡಿ ಕಂಪೋಸರ್ ಬೇಕು, ಸಾಲು ಬಲದಿಂದ ಎಡಕ್ಕೆ. ಅಂಕಿಗಳು ಮಾತ್ರ ಎಡದಿಂದಲೇ ಓಡ್ತವೆ, ದರಪಟ್ಟಿಯಲ್ಲಿ ಅಲ್ಲೇ ಎಡವುವುದು. ಓದ್ಲಿಕ್ಕೆ ಬರುವವರ ಹತ್ತಿರ ಪ್ರೂಫ್ ನೋಡಿಸದೆ ಫೈಲ್ ಕಳಿಸಬೇಡಿ.